ಕತ್ತರಿ ಬಿದ್ದ ಹದಿನೇಳು ಸೆಕೆಂಡು

ಗುಂಡುಸೂಜಿ ಎಂಬ ಹೆಸರಿನಿಂದ ಬೀದಿಯವರಿಗೆಲ್ಲ ಗೊತ್ತಿರುವ ನಾನು, ವಯಸ್ಸು ಇಪ್ಪತ್ತೆರಡು, ಓದು ಐದನೇ ತರಗತಿ, ಕೆಲಸ ಹೊಲಿಗೆ ಅಂಗಡಿಯಲ್ಲಿ ಹೊಲಿಗೆ ಬಿಚ್ಚುವುದು, ವಾಸ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಣ್ಣನ ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ ಮನೆ, ಠಾಣೆಯವರಿಗೆ ಈ ಹಾಳೆಗಳಲ್ಲಿ ತಿಳಿಸಿಕೊಳ್ಳುವುದು ಹೀಗಿದೆ.

ಹೇಳಿಕೆಯನ್ನು ಬಾಯಲ್ಲಿ ಹೇಳಬೇಕು, ಠಾಣೆಯ ರೈಟರ್ ಬರೆದುಕೊಳ್ಳಬೇಕು, ಅದು ಕ್ರಮವಂತೆ. ರೈಟರ್ ಸಾಹೇಬರು ಪೆನ್ನು ಹಿಡಿದು ಹತ್ತು ನಿಮಿಷ ಕಾದರು. ನನ್ನಿಂದ ಮೂರು ಮಾತು ಬಂದವು. ಅದರಲ್ಲಿ ಎರಡು ಬರೀ ಹೂಂ. ಆಮೇಲೆ ಅವರೇ ಹಾಳೆಗಳನ್ನು ನನ್ನ ಕಡೆ ತಳ್ಳಿ, ನೀನೇ ಬರಿಯಮ್ಮ, ನನ್ನ ಕೈಗೂ ಸ್ವಲ್ಪ ಬಿಡುವು ಸಿಗಲಿ ಎಂದರು. ಹಾಗಾಗಿ ಇದು ನನ್ನದೇ ಕೈಬರಹ. ಹೊಲಿಗೆ ಅಂಗಡಿಯ ಗಡಿಯಾರ ನಾಲ್ಕು ನಿಮಿಷ ಮುಂದಿದೆ. ಅಲ್ಲಿ ನಡೆದದ್ದರ ಹೊತ್ತನ್ನು ನಾಲ್ಕು ನಿಮಿಷ ಕಳೆದೇ ಬರೆದಿದ್ದೇನೆ.

ನಮ್ಮ ತಂದೆ ತೀರಿಕೊಂಡು ಒಂಬತ್ತು ವರ್ಷವಾಯಿತು. ಮನೆಯಲ್ಲಿ ಅಮ್ಮ, ಅಣ್ಣ ಮತ್ತು ನಾನು. ಅಣ್ಣನಿಗೆ ಇಪ್ಪತ್ತೇಳು ವರ್ಷ. ಅವನ ಅಂಗಡಿಯ ಒಳಗೋಡೆಯ ಮೇಲೆ, ನಿಮ್ಮ ಫೋನಿನಲ್ಲಿ ಇರುವುದು ನಿಮ್ಮದು ಎಂದು ಬರೆದ ಬೋರ್ಡಿದೆ. ರಿಪೇರಿಗೆ ಬಂದ ಫೋನಿನ ಒಳಗೆ ಅವನು ಇಣುಕಿ ನೋಡುವುದಿಲ್ಲ. ಅಮ್ಮ ಒಮ್ಮೆ ಪಕ್ಕದ ಮನೆಯವರ ಫೋನಿನಲ್ಲಿ ಮದುವೆ ಫೋಟೋ ಇದ್ದರೆ ತೋರಿಸೋ ಎಂದಿದ್ದಕ್ಕೂ ತೋರಿಸಲಿಲ್ಲ.

ನನ್ನ ಕೆಲಸದ ಬಗ್ಗೆ ಬರೆಯಬೇಕು ಎಂದು ರೈಟರ್ ಸಾಹೇಬರು ಹೇಳಿದ್ದಾರೆ. ಹಿಗ್ಗಿಸಲು, ಕುಗ್ಗಿಸಲು, ತಪ್ಪು ತಿದ್ದಲು ಬಂದ ಬಟ್ಟೆಗಳ ಹೊಲಿಗೆಯನ್ನು ನಾನು ಬಿಚ್ಚಿಕೊಡುತ್ತೇನೆ. ಸಾಮಾನು ಒಂದು ಅರ್ಧ ಬ್ಲೇಡು, ಒಂದು ದಪ್ಪ ಸೂಜಿ. ಹೊಲಿದವರು ಎಲ್ಲಿ ಮುಗಿಸಿರುತ್ತಾರೋ ಅಲ್ಲಿಂದ ನಾನು ಶುರು ಮಾಡಬೇಕು. ಕೊನೆಯಿಂದ ಮೊದಲಿಗೆ ಹೋದರೆ ದಾರ ತಾನಾಗಿ ದಾರಿ ಕೊಡುತ್ತದೆ, ಬಟ್ಟೆಗೆ ಗಾಯವಾಗುವುದಿಲ್ಲ. ಆರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಬಿಚ್ಚೋ ಕೈಗೆ ಹೊಲಿಯೋ ಕೈ ಬರಲ್ಲ ಎಂಬುದು ನಮ್ಮ ಮಾಸ್ಟರ್, ಅಂದರೆ ಅಂಗಡಿ ಯಜಮಾನರ ಮಾತು. ಆದ್ದರಿಂದ ಮೆಷಿನ್ ಮೇಲೆ ನನ್ನನ್ನು ಕೂರಿಸಿರಲಿಲ್ಲ. ಮಾಸ್ಟರಿಗೆ ಐವತ್ತನಾಲ್ಕು ವರ್ಷ. ಮದುವೆಯಾದ ದಿನದಿಂದ ತಮ್ಮ ಸೊಂಟ ಮೂವತ್ತನಾಲ್ಕು ಇಂಚು ಬಿಟ್ಟು ಆಚೀಚೆ ಹೋಗಿಲ್ಲ ಎಂಬುದು ಅವರ ಇನ್ನೊಂದು ಮಾತು. ಅಳತೆ ಕೊಡಲು ಬಂದ ಹೊಟ್ಟೆಯವರಿಗೆಲ್ಲ ಅದನ್ನು ಹೇಳುತ್ತಾರೆ.

ಅಂಗಡಿಯಲ್ಲಿ ನನ್ನನ್ನು ಬಿಟ್ಟು ನಾಲ್ವರು ಇದ್ದಾರೆ. ಕೆಲಸ ಮಾಡುವಾಗ ನನಗೆ ಹಾಡು ಬರುತ್ತದೆ. ಆದರೆ ಹಾಡಿದರೆ ನಾಲ್ಕು ತಲೆಯೂ ಮೇಲೇಳುತ್ತವೆ, ಜೋರಾಗಿ ಹಾಡೇ ಎನ್ನುತ್ತಾರೆ, ಅಲ್ಲಿಗೆ ನನ್ನ ಹಾಡು ನಿಲ್ಲುತ್ತದೆ. ಹಾಗಾಗಿ ಮೂರು ವರ್ಷದ ಹಿಂದೆ ನಾನು ಹಾಡನ್ನು ಕೊನೆಯಿಂದ ಮೊದಲಿಗೆ ಹಾಡಲು ಶುರು ಮಾಡಿದೆ. ಅಣ್ಣ ರಿಪೇರಿ ಮಾಡಿ ಕೊಟ್ಟ ಹಳೆಯ ಫೋನಿನಲ್ಲಿ, ಸದ್ದನ್ನು ಹಿಂದುಮುಂದಾಗಿ ಕೇಳಿಸುವ ಅನುಕೂಲವಿತ್ತು. ಮೊದಲು ಅಕ್ಷರಗಳನ್ನು ತಿರುಗಿಸಿ ಬರೆದುಕೊಂಡು ಹಾಡಿದೆ. ಅದನ್ನು ಫೋನು ತಿರುಗಿಸಿ ಕೇಳಿಸಿದಾಗ ನಾಯಿ ಗೊಣಗಿದ ಹಾಗಿತ್ತು. ತಿರುಗಿಸಬೇಕಾದದ್ದು ಬರೆದ ಅಕ್ಷರವನ್ನಲ್ಲ, ಬಾಯಿಂದ ಹೋಗುವ ಸದ್ದನ್ನು. ಜೋರಾಗಿ ಶುರುವಾಗುವ ಮಾತನ್ನು ಮೆಲ್ಲಗೆ ಎತ್ತಿಕೊಂಡು ಜೋರಾಗಿ ನಿಲ್ಲಿಸಬೇಕು. ಇದು ಕೈಗೆ ಸಿಗಲು ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಆಮೇಲೆ ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಸಲ ಹಾಡಿದರೂ ಯಾರೂ ತಲೆ ಎತ್ತಲಿಲ್ಲ. ಗುಂಡುಸೂಜಿ ಹೊಲಿಗೆ ಎಣಿಸ್ತಿದಾಳೆ ಎಂದುಕೊಂಡರು.

ನಾನು ಹಾಡುವುದು ಒಂದೇ ಹಾಡು. ಅಮ್ಮನ ತಾಯಿ, ಅಂದರೆ ನಮ್ಮ ಅಜ್ಜಿ, ಬಟ್ಟೆ ಒಗೆಯುವ ಕೆಲಸ ಮಾಡುತ್ತಾ ತಾವೇ ಕಟ್ಟಿಕೊಂಡದ್ದು. ಅದರ ಮೊದಲು ಹೀಗಿದೆ:

ನಿಲ್ಲು ನಿಲ್ಲು ಗಾಳಿಯಣ್ಣ, ಬಟ್ಟೆ ಒಣಗಲಿ
ಒಣಗಿದ ಮೇಲೆ ಮೆಲ್ಲಗೆ ಬೀಸು, ಮಗು ಮಲಗಲಿ

ಕಳೆದ ತಿಂಗಳು ಒಂಬತ್ತನೇ ತಾರೀಕು ಶುಕ್ರವಾರ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಮಾಸ್ಟರ್ ಊಟಕ್ಕೆ ಮನೆಗೆ ಹೋದರು. ಊಟ ಮಾಡಿ ಮಲಗಿದರೆ ಅವರು ಬರುವುದು ಎರಡೂವರೆಗೆ. ಉಳಿದವರು ಹಿಂದಿನ ಕೋಣೆಗೆ ಊಟಕ್ಕೆ ಹೋದರು. ನಾನು ನನ್ನ ಮೂಲೆಯಲ್ಲಿ ಕುಳಿತು ಒಂದು ಕಂದು ಬಣ್ಣದ ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದೆ. ಅದು ಯಾರ ಪ್ಯಾಂಟು ಎಂಬುದು ಮುಂದೆ ಬರುತ್ತದೆ. ಒಂದು ಇಪ್ಪತ್ತೈದಕ್ಕೆ ಅಣ್ಣ ನನ್ನ ಊಟದ ಡಬ್ಬಿ ತಂದ. ನಾನು ಹಾಡುತ್ತಿರುವುದನ್ನು ಕೇಳಿ, ಬಟ್ಟೆ ಹಾಕಿ ನೋಡುವ ಗೂಡಿನ ಪರದೆಯ ಹಿಂದೆ ನಿಂತು ಫೋನಿನಲ್ಲಿ ವಿಡಿಯೋ ಮಾಡಿದ. ಪರದೆಯಿಂದ ನನ್ನ ಮೂಲೆಗೆ ಹನ್ನೊಂದು ಅಡಿ. ನಾನು ಹಾಡು ಮುಗಿಸಿ ಬ್ಲೇಡು ಒರೆಸಲು ತಿರುಗಿದಾಗ ಪರದೆಯ ಕೆಳಗೆ ಅಣ್ಣನ ಚಪ್ಪಲಿ ಕಾಣಿಸಿತು. ಅವನಿಗೆ ಬೈದೆ. ಹಾಡು ಎರಡು ನಿಮಿಷ ಇಪ್ಪತ್ತು ಸೆಕೆಂಡು, ಬೈದದ್ದು ಹದಿನೇಳು ಸೆಕೆಂಡು.

ಅಂದು ಸಂಜೆ ಆರೂಕಾಲಿಗೆ ಅಣ್ಣ ಆ ವಿಡಿಯೋದ ಹಾಡಿನ ಭಾಗವನ್ನು ತಿರುಗಿಸಿ ಮನೆಯಲ್ಲಿ ಹಾಕಿದ. ನನ್ನ ಕೈಯ ಬ್ಲೇಡು ಹಿಂದೆ ಹಿಂದೆ ಹೋಗುತ್ತಿತ್ತು, ಬಿಚ್ಚಿದ ದಾರ ತಾನಾಗಿಯೇ ಬಟ್ಟೆಯ ಒಳಗೆ ಇಳಿಯುತ್ತಿತ್ತು, ಪ್ಯಾಂಟಿನ ಸೊಂಟ ಮುಚ್ಚಿಕೊಳ್ಳುತ್ತಾ ಬಂತು. ಹಾಡು ಮಾತ್ರ ನೇರವಾಗಿ ಕೇಳಿಸಿತು. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಇದು ನಮ್ಮಮ್ಮನ ಹಾಡು, ಯಾರೋ ಹೇಳ್ತಿರೋದು ಎಂದು ಕೇಳಿದರು. ಅಣ್ಣ ನನ್ನ ಕಡೆ ಕೈ ತೋರಿಸಿದ. ಅಮ್ಮ ಒಲೆಯ ಮೇಲಿದ್ದದ್ದು ಸೀದ ವಾಸನೆ ಬರುವವರೆಗೂ ನಿಂತೇ ಇದ್ದರು.

ಬಟ್ಟೆ ವ್ಯಾಪಾರಿಗಳ ಸಂಘದವರು ಕೈಕೆಲಸದವರಿಗಾಗಿ ಒಂದು ವಿಡಿಯೋ ಸ್ಪರ್ಧೆ ಇಟ್ಟಿದ್ದರು. ಅಣ್ಣ ಇದನ್ನು ಅಲ್ಲಿಗೆ ಕಳಿಸುತ್ತೇನೆ ಎಂದ. ಬೈಗುಳ ಇರಬಾರದು, ಅದನ್ನು ಅಳಿಸಿಬಿಡಬೇಕು, ಯಾರಿಗೂ ತೋರಿಸಬಾರದು ಎಂದು ಹೇಳಿದೆ. ಯಾರಿಗೂ ತೋರ್ಸಲ್ಲ ಎಂದು ನನ್ನ ಕೈ ಮೇಲೆ ಕೈ ಇಟ್ಟ. ಅಳಿಸುತ್ತೇನೆ ಎಂದು ಅವನು ಹೇಳಲಿಲ್ಲ. ಅದು ನನಗೆ ಆಗ ಗಮನಕ್ಕೆ ಬರಲಿಲ್ಲ.

ಸ್ಪರ್ಧೆಯ ಕಾಗದದಲ್ಲಿ, ಹಿಂದುಮುಂದು ಮಾಡಿದ ವಿಡಿಯೋ ಎಂದು ಅಣ್ಣ ಮೊದಲೇ ಬರೆದು ಕೊಟ್ಟಿದ್ದ. ಅದೇ ಕಾಗದದ ಕೊನೆಯಲ್ಲಿ, ವಿಡಿಯೋಗೆ ಕತ್ತರಿ ಹಾಕಿಲ್ಲ, ಬೇರೆ ಸದ್ದು ಜೋಡಿಸಿಲ್ಲ ಎಂಬ ಅಚ್ಚಾದ ಸಾಲಿನ ಕೆಳಗೆ ಸಹಿಯನ್ನೂ ಹಾಕಿದ್ದ. ಇಪ್ಪತ್ತೆರಡನೇ ತಾರೀಕು ನಮಗೆ ಮೊದಲ ಬಹುಮಾನ ಬಂತು. ಬಹುಮಾನ ಒಂದು ಕರೆಂಟಿನ ಹೊಲಿಗೆ ಮೆಷಿನ್. ಎರಡನೇ ಬಹುಮಾನ ಫೋಟೋ ಸ್ಟುಡಿಯೋ ಯಜಮಾನರ ಮಗಳಿಗೆ ಬಂತು. ಆಕೆ ಚಿತ್ರಕ್ಕೆ ಚೌಕಟ್ಟು ಹಾಕುತ್ತಾ ಹಾಡಿದ್ದಳು, ತುಂಬ ಚೆನ್ನಾಗಿ ಹಾಡಿದ್ದಳು.

ಮರುದಿನದಿಂದ ನಮ್ಮ ಬೀದಿಯಲ್ಲಿ ವಾದ ಶುರುವಾಯಿತು. ಕ್ಷೌರದಂಗಡಿಯವರು ವಿಡಿಯೋ ನಿಜ ಎನ್ನುವ ಕಡೆ. ಅವರ ಎದುರಿನ ಔಷಧಿ ಅಂಗಡಿಯವರು ಅದು ಜೋಡಣೆ ಎನ್ನುವ ಕಡೆ. ಇಬ್ಬರೂ ತಮ್ಮ ತಮ್ಮ ಅಂಗಡಿಯ ಬಾಗಿಲಲ್ಲಿ ನಿಂತು, ನಡುವೆ ಇರುವ ಹದಿನೆಂಟು ಅಡಿ ರಸ್ತೆಯ ಮೇಲಿಂದಲೇ ಮಾತಾಡುತ್ತಿದ್ದರು. ಕ್ಷೌರದವರು ಒಮ್ಮೆ ಗಿರಾಕಿಯ ಒಂದು ಕೆನ್ನೆ ಬೋಳಿಸಿ ಇನ್ನೊಂದನ್ನು ನೊರೆಯಲ್ಲೇ ಬಿಟ್ಟು ಹೊರಗೆ ಬಂದು, ತುಟಿ ನೋಡ್ರೀ ತುಟಿ, ಹಾಡಿನ ಜೊತೆಗೇ ಆಡ್ತಿದೆ, ಎಲ್ಲಿದೆ ಜೋಡಣೆ ಎಂದು ಕೂಗಿದರು. ಔಷಧಿಯವರು, ರೀ ಸ್ವಾಮಿ, ಆ ಹುಡುಗಿ ಬಾಯಲ್ಲಿ ಮಾತೇ ಹೊರಡಲ್ಲ, ಮಾತ್ರೆ ತಗೊಳ್ಳೋಕೆ ಬಂದ್ರೆ ಚೀಟಿ ತೋರಿಸ್ತಾಳೆ, ಹಾಡು ಎಲ್ಲಿಂದ ಉದುರುತ್ತೆ ಎಂದರು. ನೊರೆ ಹಚ್ಚಿಕೊಂಡ ಗಿರಾಕಿ ಒಳಗಿನಿಂದ, ಅವಳು ಹಿಂದುಮುಂದು ಹಾಡಿದ್ಲು ಸರಿ, ನನ್ನ ಗಡ್ಡ ಹಿಂದುಮುಂದು ಬೆಳೆಯೋದ್ರೊಳಗೆ ಬಂದುಬಿಡಿ ಎಂದು ಹೇಳಿದರು. ಈ ಮಾತುಗಳೆಲ್ಲ ನಡೆದದ್ದು ನಾನು ಕುಳಿತ ಮೂಲೆಯಿಂದ ಮೂವತ್ತು ಅಡಿ ದೂರದಲ್ಲಿ. ಹನ್ನೊಂದು ದಿನ ನಡೆಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಮಾಸ್ಟರ್ ನಿಜ ಎನ್ನುವ ಕಡೆಯೇ ಇದ್ದರು. ಬಂದ ಗಿರಾಕಿಗಳಿಗೆಲ್ಲ ವಿಡಿಯೋ ತೋರಿಸುತ್ತಿದ್ದರು. ನಮ್ಮಂಗಡಿ ಹುಡುಗಿ, ನೋಡಿ, ಸೊಂಟಪಟ್ಟಿ ಹೇಗೆ ಮುಚ್ಚಿಕೊಳ್ಳುತ್ತೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಕಡಿಮೆ ಎಂದರೆ ಮೂವತ್ತು ಸಲ ನೋಡಿದ್ದಾರೆ. ಆಗೆಲ್ಲ ನಾನು ಮುಖ ಕೆಳಗೆ ಹಾಕಿ ಕೆಲಸ ಮಾಡುತ್ತಿದ್ದೆ.

ಈ ದಿನ ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಇಬ್ಬರು ಕಾನ್‌ಸ್ಟೇಬಲ್‌ಗಳು ಅಣ್ಣನ ಅಂಗಡಿಗೆ ಬಂದು ಅವನನ್ನು ಠಾಣೆಗೆ ಕರೆದುಕೊಂಡು ಹೋದರು. ಮೆಷಿನನ್ನೂ ಅವನ ಫೋನನ್ನೂ ತೆಗೆದುಕೊಂಡು ಹೋದರು. ನನಗೆ ಸುದ್ದಿ ತಿಳಿದದ್ದು ಹನ್ನೊಂದು ಐದಕ್ಕೆ. ಬೇರೆ ಯಾರದೋ ಕಂಠವನ್ನು ಜೋಡಿಸಿ, ಸುಳ್ಳು ಸಹಿ ಹಾಕಿ ಬಹುಮಾನ ಹೊಡೆದಿದ್ದಾನೆ ಎಂದು ಸ್ಟುಡಿಯೋ ಯಜಮಾನರು ದೂರು ಕೊಟ್ಟಿದ್ದರು. ಅಮ್ಮ ಠಾಣೆಗೆ ಹೋಗಿ ಹನ್ನೆರಡೂವರೆಗೆ ವಾಪಸು ಬಂದರು. ಎಸ್‌ಐ ಮೇಡಂ ಅಣ್ಣನನ್ನು, ವಿಡಿಯೋಗೆ ಕತ್ತರಿ ಹಾಕಿದ್ದೀಯಾ ಎಂದು ಕೇಳಿದರಂತೆ. ಹೌದು ಎಂದನಂತೆ. ಕತ್ತರಿಸಿದ್ದು ಏನು ಎಂದರೆ ಹೇಳಕ್ಕಾಗಲ್ಲ ಮೇಡಂ ಎಂದನಂತೆ. ಫೋನ್ ತೆರೆದು ತೋರಿಸು ಎಂದರೆ ಅದೂ ಆಗಲ್ಲ ಎಂದನಂತೆ. ಸಂಜೆ ಆರರೊಳಗೆ ಬಾಯಿ ಬಿಡದಿದ್ದರೆ ಮೋಸದ ಕೇಸು ಬರೆಯುವುದಾಗಿ ಮೇಡಂ ಹೇಳಿದ್ದಾರೆ ಎಂದು ಅಮ್ಮ ತಿಳಿಸಿದರು. ಮೋಸಗಾರ ಅಂತ ಒಂದು ಸಲ ಹೆಸರು ಬಿದ್ರೆ ಮುಗೀತು, ನಂಬಿಕೆ ಇಲ್ದೆ ಫೋನ್ ಯಾರು ಕೊಡ್ತಾರೆ ಅವನ ಕೈಗೆ ಎಂದರು. ಆಮೇಲೆ ನನ್ನನ್ನು ನೋಡಿ, ಏನೇ ಅದು ಕತ್ತರಿಸಿದ್ದು ಎಂದು ಕೇಳಿದರು. ನಾನು ಹೇಳಲು ಹೋದೆ, ಬರಲಿಲ್ಲ.

ಎರಡು ಹತ್ತಕ್ಕೆ ಮಾಸ್ಟರ್ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದು, ನಡಿ, ಠಾಣೆಗೆ ನಾನೇ ಕರ್ಕೊಂಡು ಹೋಗ್ತೀನಿ ಎಂದರು. ಅಂಗಡಿಯಿಂದ ಠಾಣೆಗೆ ಎಂಟುನೂರು ಹೆಜ್ಜೆ. ದಾರಿಯಲ್ಲಿ ಮಾಸ್ಟರ್, ಹೆದರ್ಕೋಬೇಡ ಮಗಳೇ, ಸತ್ಯಕ್ಕೆ ಸಾವಿಲ್ಲ ಎಂದು ಎರಡು ಸಲ ಹೇಳಿದರು. ನಾನು ಅವರ ಪ್ಯಾಂಟನ್ನು ನೋಡಿದೆ. ಕಂದು ಬಣ್ಣದ್ದೇ ಹಾಕಿದ್ದರು.

ಎರಡು ಇಪ್ಪತ್ತೈದಕ್ಕೆ ಠಾಣೆ ತಲುಪಿದೆವು. ಒಳಗೆ ಎಸ್‌ಐ ಮೇಡಂ, ರೈಟರ್ ಸಾಹೇಬರು, ಹೆಡ್ ಕಾನ್‌ಸ್ಟೇಬಲ್ ಮತ್ತು ಸ್ಟುಡಿಯೋ ಯಜಮಾನರು ಇದ್ದರು. ಅಣ್ಣ ಗೋಡೆ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದ. ಬೆಳಿಗ್ಗೆ ಅವನು ಹಾಕಿದ್ದ ಅಂಗಿಯ ಎರಡನೇ ಗುಂಡಿ ಕಿತ್ತು ಹೋಗಿತ್ತು. ಅವನೇ ತಿರುವಿ ತಿರುವಿ ಕಿತ್ತಿದ್ದು, ಯಾರೂ ಕೈ ಮಾಡಿರಲಿಲ್ಲ. ಗುಂಡಿ ಅವನ ಕೈಯಲ್ಲೇ ಇತ್ತು.

ಎಸ್‌ಐ ಮೇಡಂ ನನ್ನನ್ನು, ನೀನೇ ಹಾಡಿದ್ದಾದರೆ ಇಲ್ಲೇ ಹಾಡಿ ತೋರಿಸು, ಎರಡು ನಿಮಿಷದ ಕೆಲಸ ಎಂದರು. ನಾನು ಬಾಯಿ ತೆರೆದೆ. ಸದ್ದು ಬರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ನೀರು ಕೊಟ್ಟರು. ನೀರು ಕುಡಿದು ಮತ್ತೆ ತೆರೆದೆ. ಕೆಮ್ಮು ಬಂತು. ಮೂರನೇ ಸಲ ಬಿಕ್ಕಳಿಕೆ ಬಂತು. ಸ್ಟುಡಿಯೋ ಯಜಮಾನರು, ನೋಡಿದ್ರಾ ಮೇಡಂ, ನಾನು ಇಪ್ಪತ್ತೊಂದು ವರ್ಷದಿಂದ ಮದುವೆ ವಿಡಿಯೋ ಜೋಡಿಸ್ತಾ ಇದೀನಿ, ಅಳದೇ ಇರೋ ಮಾವನನ್ನ ಅಳಿಸಿದೀನಿ, ಜೋಡಣೆ ಅಂದ್ರೆ ಏನು ಅಂತ ನನಗೆ ಗೊತ್ತು, ಆ ಹುಡುಗಿ ಮೇಲೆ ನನಗೇನೂ ಸಿಟ್ಟಿಲ್ಲ, ಅವಳ ಹೆಸರಲ್ಲಿ ಇವನು ಆಟ ಆಡಿದಾನೆ ಎಂದರು. ಅವರು ಇದನ್ನು ಮೆಲ್ಲಗೆ, ಬೇಜಾರಿನಲ್ಲಿ ಹೇಳಿದರು. ನಿಜವೆಂದು ನಂಬಿಯೇ ಹೇಳುತ್ತಿದ್ದರು.

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಆಗ ಎರಡು ನಲವತ್ತು.

ನಾನು ಬೆಂಚಿನ ಹತ್ತಿರ ಹೋದೆ. ಬೈದದ್ದು ಇನ್ನೂ ಇದೆಯಾ ಎಂದು ಅಣ್ಣನ ಕಿವಿಯಲ್ಲಿ ಕೇಳಿದೆ. ಅವನು ತಲೆ ತಗ್ಗಿಸಿ, ಅಳಿಸಿಲ್ಲ ಎಂದ. ಯಾಕೆ ಎಂದೆ. ನೀನು ಅಷ್ಟು ಜೋರಾಗಿ ಮಾತಾಡಿದ್ದು ಹುಟ್ಟಿದಾಗಿಂದ ಅದೊಂದೇ ಸಲ ಕಣೇ, ಅಂಗಡಿಯಲ್ಲಿ ಬೇಜಾರಾದಾಗ ಹಾಕ್ಕೊಂಡು ಕೇಳ್ತೀನಿ ಎಂದ. ಹಾಗಾದರೆ ತೋರಿಸು ಎಂದೆ. ಬೇಡ, ಕೈ ಇಟ್ಟು ಹೇಳಿದೀನಿ, ನಿನ್ನ ಕೆಲಸ ಹೋಗುತ್ತೆ, ಕೇಸಾದ್ರೆ ಆಗ್ಲಿ ಬಿಡು ಎಂದ. ಅವನ ಕಣ್ಣು ಮಾಸ್ಟರ್ ಕಡೆ ಹೋಗಿ ಬಂತು.

ನಾನು ರೈಟರ್ ಸಾಹೇಬರ ಮೇಜಿನಿಂದ ಒಂದು ಹಾಳೆ ತೆಗೆದುಕೊಂಡು ಎರಡು ಸಾಲು ಬರೆದು ಮೇಡಂ ಮುಂದೆ ಇಟ್ಟೆ. ಕತ್ತರಿಸಿದ ಭಾಗವನ್ನು ತೋರಿಸಲು ನನ್ನ ಒಪ್ಪಿಗೆ ಇದೆ ಎಂಬುದು ಮೊದಲ ಸಾಲು. ತೋರಿಸುವಾಗ ಮಾಸ್ಟರ್ ಹೊರಗೆ ಇರಬೇಕು ಎಂಬುದು ಎರಡನೇ ಸಾಲು. ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಮಾಸ್ಟರ್, ನಾನ್ಯಾಕೆ ಹೊರಗೆ ಹೋಗ್ಲಿ, ಅಪ್ಪ ಇಲ್ಲದ ಮಕ್ಕಳು, ಅವರಪ್ಪನ ಜಾಗದಲ್ಲಿ ನಿಂತಿದೀನಿ, ಏನು ಬಂದ್ರೂ ನನ್ನ ಎದುರಿಗೇ ಬರಲಿ ಎಂದು ಕುರ್ಚಿ ಎಳೆದುಕೊಂಡು ಮುಂದೆ ಕುಳಿತರು. ಮೇಡಂ ನನ್ನನ್ನು ನೋಡಿದರು. ಅಣ್ಣ ಬೇಡ ಎಂದು ತಲೆ ಅಲ್ಲಾಡಿಸಿದ. ನಾನು ಪೆನ್ನು ತೆಗೆದುಕೊಂಡು ಎರಡನೇ ಸಾಲನ್ನು ಹೊಡೆದುಹಾಕಿದೆ.

ಮೇಡಂ ಕೊಟ್ಟ ಫೋನನ್ನು ಅಣ್ಣ ತೆರೆದ. ಪೂರ್ತಿ ವಿಡಿಯೋವನ್ನು ತಿರುಗಿಸದೆ, ನಾನು ಹಾಡಿದ ಹಾಗೆಯೇ ಹಾಕಿದ. ಆಗ ಮೂರು ಗಂಟೆ ಎರಡು ನಿಮಿಷ. ಎರಡು ನಿಮಿಷ ಇಪ್ಪತ್ತು ಸೆಕೆಂಡು ಯಾರಿಗೂ ಅರ್ಥವಾಗದ ಸದ್ದು ಬಂತು. ಹೆಡ್ ಕಾನ್‌ಸ್ಟೇಬಲ್, ಇದೇನು ಹಾಡೋ ನೆಗಡಿಯೋ ಎಂದು ಕೇಳಿದರು. ಸದ್ದು ಮುಗಿದ ಉಸಿರಿನಲ್ಲೇ ವಿಡಿಯೋದಲ್ಲಿ ನಾನು ತಿರುಗಿದೆ. ಆಮೇಲೆ ಬಂದದ್ದು ಬೈಗುಳ. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು ಎಂದು ಮೇಡಂ ಹೇಳಿರುವುದರಿಂದ ಬರೆಯುತ್ತಿದ್ದೇನೆ, ನನ್ನ ಇಷ್ಟದಿಂದ ಅಲ್ಲ:

"ಲೋ ಕತ್ತೆ, ಕದ್ದು ವಿಡಿಯೋ ಮಾಡ್ತೀಯಾ? ನಿನ್ ಕೈಗೇ ಕಾಜಾ ಹೊಲಿದ್ಬಿಡ್ತೀನಿ ನೋಡು. ಇದು ಮಾಸ್ಟರ್ ಪ್ಯಾಂಟು ಕಣೋ. ಮೂವತ್ನಾಲ್ಕು ಮೂವತ್ನಾಲ್ಕು ಅಂತ ಬಡ್ಕೊಳ್ಳುತ್ತಲ್ಲ ಆ ಕುಂಬಳಕಾಯಿ, ಈಗ ಮೂವತ್ತೇಳು. ಹೆಂಡ್ತಿ ಕದ್ದು ತಂದ್ಕೊಡ್ತಾರೆ, ನಾನು ಕದ್ದು ಹಿಗ್ಗಿಸ್ತೀನಿ. ತನ್ ಸೊಂಟ ತನಗೇ ಗೊತ್ತಿಲ್ಲ, ಊರೋರ ಸೊಂಟ ಅಳೀತಾರಂತೆ. ಅವರ ಕಣ್ಣಿಗೆ ಇದು ಬಿದ್ರೆ ನನ್ ಕೆಲ್ಸ ಹೋಯ್ತು. ಅಳ್ಸು ಈಗ್ಲೇ."

ವಿವರಣೆ ಇಷ್ಟು. ಮಾಸ್ಟರ್ ತಮ್ಮ ಪ್ಯಾಂಟನ್ನು ತಾವೇ ಕತ್ತರಿಸುತ್ತಾರೆ, ಪ್ರತಿ ಸಲವೂ ಮೂವತ್ತನಾಲ್ಕಕ್ಕೇ ಕತ್ತರಿಸುತ್ತಾರೆ. ಅವರ ಮನೆಯವರು, ಅಂದರೆ ಮಾಸ್ಟರಮ್ಮ, ಅದನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ನನ್ನ ಹತ್ತಿರ ತರುತ್ತಾರೆ. ಅವರಿಗೆ ಬೇಜಾರಾಗೋದು ಬೇಡಮ್ಮ, ಇರೋದೊಂದೇ ಹೆಮ್ಮೆ ಎಂದು ಹೇಳುತ್ತಾರೆ. ನಾನು ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿರುವ ಬಟ್ಟೆಯಿಂದ ಹಿಂದಿನ ಒಂದು, ಪಕ್ಕದ ಎರಡು ಹೊಲಿಗೆಗಳ ಎರಡೂ ಬದಿಗೆ ಅರ್ಧ ಅರ್ಧ ಇಂಚು ಹಿಗ್ಗಿಸಿ, ಅದೇ ದಾರದ ಬಣ್ಣದಲ್ಲಿ, ಅದೇ ತೂತುಗಳ ಸಾಲಿನ ಹಾಗೆ ಕಾಣುವಂತೆ ಕೈಯಲ್ಲೇ ಹೊಲಿದು ಕೊಡುತ್ತೇನೆ. ನಾಲ್ಕು ವರ್ಷದಿಂದ ನಡೆದಿದೆ.

ವಿಡಿಯೋ ನಿಂತಿತು. ಹೆಡ್ ಕಾನ್‌ಸ್ಟೇಬಲ್ ಕಡತದ ಕಪಾಟಿನ ಕಡೆ ತಿರುಗಿ ನಿಂತರು, ಅವರ ಬೆನ್ನು ಕುಣಿಯುತ್ತಿತ್ತು. ನಾನು ನೆಲ ನೋಡುತ್ತಿದ್ದೆ. ಮೊದಲು ಮಾತಾಡಿದವರು ಸ್ಟುಡಿಯೋ ಯಜಮಾನರು. ತಮ್ಮ ಚೀಲದಿಂದ ಕಿವಿಗೆ ಹಾಕಿಕೊಳ್ಳುವ ದೊಡ್ಡ ಹೆಡ್‌ಫೋನ್ ತೆಗೆದು ಫೋನಿಗೆ ಸಿಕ್ಕಿಸಿ, ಹಾಡು ಮುಗಿದು ಬೈಗುಳ ಶುರುವಾಗುವ ಜಾಗವನ್ನು ನಾಲ್ಕು ಸಲ ಕೇಳಿದರು. ಐದನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು. ನಂತರ ಹೆಡ್‌ಫೋನ್ ಕೆಳಗಿಟ್ಟು, ಒಂದೇ ಉಸಿರು, ಒಂದೇ ಕೋಣೆ, ಹಿಂದಿನ ಕೋಣೇಲಿ ತಟ್ಟೆ ಸದ್ದೂ ನಡುವೆ ತುಂಡಾಗಿಲ್ಲ, ಹಾಡಿದವಳೇ ಬೈದಿದಾಳೆ, ಹಾಡನ್ನ ಜೋಡಿಸಬಹುದು ಮೇಡಂ, ಇಂಥ ಬೈಗುಳ ಜೋಡಿಸಕ್ಕಾಗಲ್ಲ ಎಂದರು.

ಮೇಡಂ, ಆದರೂ ಕತ್ತರಿ ಹಾಕಿಲ್ಲ ಅಂತ ಸಹಿ ಮಾಡಿದ್ದಾನಲ್ಲ, ಕತ್ತರಿ ಹಾಕಿದ್ದು ಹಾಕಿದ್ದೇ ಅಲ್ಲವೇ ಎಂದು ಕೇಳಿದರು. ಅಣ್ಣ ಬೆಂಚಿನಿಂದ ಅರ್ಧ ಎದ್ದ.

ಆಗ ಮಾಸ್ಟರ್ ಎದ್ದು ನಿಂತರು. ಅಂಗಿಯನ್ನು ಸ್ವಲ್ಪ ಮೇಲೆತ್ತಿ, ಪ್ಯಾಂಟಿನ ಸೊಂಟಪಟ್ಟಿಯನ್ನು ಹಿಂದಿನಿಂದ ಹೊರಳಿಸಿ, ಕನ್ನಡಕ ಹಣೆಗೆ ಏರಿಸಿ, ಒಳಗಿನ ಹೊಲಿಗೆಯನ್ನು ಕತ್ತು ತಿರುಗಿಸಿ ನೋಡಲು ಹೋದರು. ಕಾಣಿಸಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಹತ್ತಿರ ಬಂದು ಟಾರ್ಚ್ ಹಿಡಿದು, ತಮ್ಮ ಫೋನಿನಲ್ಲಿ ಅದರ ಫೋಟೋ ತೆಗೆದು ತೋರಿಸಿದರು. ಮಾಸ್ಟರ್ ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಎಷ್ಟು ಹೊತ್ತು ಎಂದು ನಾನು ಎಣಿಸಲಿಲ್ಲ. ಈ ದಿನ ನಾನು ಎಣಿಸದೆ ಬಿಟ್ಟದ್ದು ಅದೊಂದೇ.

ಆಮೇಲೆ ಮೇಡಂ ಕಡೆ ತಿರುಗಿ, ಮೇಡಂ, ಬಟ್ಟೆಯ ಅಂಚಿನಲ್ಲಿ ಹೆಚ್ಚಿದ್ದದ್ದನ್ನು ಒಳಗೆ ಮಡಿಸಿದ್ರೆ ಅದು ಹೆಮ್ಮಿಂಗು, ನಡುವೆ ಕತ್ತರಿಸಿ ಬೇರೆ ಬಟ್ಟೆ ಕೂಡಿಸಿದ್ರೆ ತೇಪೆ, ಇವನು ಮಾಡಿರೋದು ಹೆಮ್ಮಿಂಗು, ಅದೂ ನನ್ನ ಮರ್ಯಾದೆ ಒಳಗೆ ಮಡಿಸೋಕೆ, ಇದಕ್ಕೆ ಕೇಸು ಹಾಕೋದಾದ್ರೆ ಊರಿನ ದರ್ಜಿಗಳನ್ನೆಲ್ಲ ಒಳಗೆ ಹಾಕ್ಬೇಕು ಎಂದರು.

ಮೇಡಂ ನಕ್ಕರು. ನಗುತ್ತಲೇ ಪೆನ್ನಿಗೆ ಮುಚ್ಚಳ ಹಾಕಿದರು. ವ್ಯಾಪಾರಿಗಳ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ ಕೇಳಿದರು. ಹಾಡಿನೊಳಗೆ ಕತ್ತರಿ ಇಲ್ಲದಿದ್ದರೆ ಸಾಕು, ತುದಿಯ ಬಗ್ಗೆ ನಮಗೆ ತಕರಾರಿಲ್ಲ ಎಂದು ಅವರು ಹೇಳಿದರು. ಸ್ಟುಡಿಯೋ ಯಜಮಾನರು ದೂರು ವಾಪಸು ಬರೆದು ಕೊಟ್ಟರು. ಬರೆದು, ನನ್ನ ಮಗಳು ಮೊದಲ ದಿನದಿಂದಲೂ ಇದು ನಿಜ ಅಂತಾನೇ ಹೇಳ್ತಿದ್ಲು, ಅವಳ ಜೊತೆ ಮಾತು ಬಿಟ್ಟು ಎಂಟು ದಿನ ಆಯ್ತು, ಇವತ್ತು ಮನೆಗೆ ಹೋಗಿ ಏನು ಮುಖ ತೋರಿಸ್ಲಿ ಎಂದರು. ಹಿಂದುಮುಂದಾಗಿ ನಡ್ಕೊಂಡು ಹೋಗಿ, ಮುಖ ತೋರಿಸೋದೇ ಬೇಡ ಎಂದು ಅಣ್ಣ ಹೇಳಿದ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ತಮಾಷೆ ಅದು. ಸ್ಟುಡಿಯೋ ಯಜಮಾನರೂ ನಕ್ಕರು. ಅವನ ಹೆಗಲು ತಟ್ಟಿ, ಎಷ್ಟು ಕೇಳಿದ್ರೂ ಬಾಯಿ ಬಿಡದ ಪೆಟ್ಟಿಗೆ ನೀನು, ನಾಳೆ ನನ್ನ ಫೋನ್ ತಂದ್ಕೊಡ್ತೀನಿ, ಸದ್ದು ಬರ್ತಿಲ್ಲ ಎಂದರು.

ನಾಲ್ಕು ಗಂಟೆಗೆ ಎಲ್ಲರೂ ಹೊರಗೆ ಚಹಾ ಕುಡಿಯುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಒಬ್ಬರೇ ಒಳಗಿದ್ದರು. ಅವರೂ ಕಡತ ಹುಡುಕುತ್ತಾ ಬೆನ್ನು ತಿರುಗಿಸಿದ್ದರು. ನಾನು ಕಪಾಟಿನ ಕಡೆ ಮುಖ ಮಾಡಿ ಅಜ್ಜಿಯ ಹಾಡನ್ನು ಕೊನೆಯಿಂದ ಮೊದಲವರೆಗೆ ಹಾಡಿದೆ. ಹಾಡು ಎಂದು ಯಾರೂ ಕೇಳಿರಲಿಲ್ಲ, ತಾನಾಗಿ ಬಂತು. ಅವರು ತಿರುಗದೆಯೇ ಫೋನಿನ ರೆಕಾರ್ಡಿಂಗ್ ಆನ್ ಮಾಡಿ ಮೇಜಿನ ಮೇಲೆ ಇಟ್ಟಿದ್ದರು. ಅದು ನನಗೆ ಆಮೇಲೆ ತಿಳಿಯಿತು. ಈಗ ನಾನು ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಅದನ್ನು ತಿರುಗಿಸಿ ಹಾಕಿಕೊಂಡು ಕೇಳುತ್ತಿದ್ದಾರೆ. ಇದು ಮೂರನೇ ಸಲ. ಗಾಳಿಯಣ್ಣ ಎನ್ನುವ ಕಡೆ ಅವರೂ ದನಿ ಸೇರಿಸುತ್ತಿದ್ದಾರೆ, ಸ್ವಲ್ಪ ಅಪಸ್ವರ ಇದೆ.

ಒಂದು ತಿದ್ದುಪಡಿ ಇದೆ. ಮೊದಲ ಹಾಳೆಯಲ್ಲಿ ಕೆಲಸ ಎಂಬಲ್ಲಿ ಹೊಲಿಗೆ ಬಿಚ್ಚುವುದು ಎಂದು ಬರೆದಿದ್ದೇನೆ. ನಾನು ಮೂರನೇ ಹಾಳೆ ಬರೆಯುತ್ತಿದ್ದಾಗ ಮಾಸ್ಟರ್ ಹೊರಗಿನಿಂದ ಈ ಕಿಟಕಿಯ ಹತ್ತಿರ ಬಂದು ನಿಂತರು. ನಾನು ಎದ್ದು ನಿಲ್ಲಲು ಹೋದೆ, ಕೂತ್ಕೋ ಎಂದರು. ಕುಂಬಳಕಾಯಿ ಅಂದದ್ದು ಸ್ವಲ್ಪ ಜಾಸ್ತಿಯಾಯ್ತು ಎಂದರು. ನಾನು ಹೂಂ ಎಂದೆ. ಆ ಹೊಲಿಗೆ ನಾಲ್ಕು ವರ್ಷದಿಂದ ಕೈಗೆ ಸಿಗ್ತಾನೇ ಇದೆ, ನಾನೇ ಹಾಕಿದ್ದು ಅಂದ್ಕೊಂಡಿದ್ದೆ ಎಂದರು. ಆಮೇಲೆ, ಆ ಹೊಸ ಮೆಷಿನನ್ನ ಮನೆಗೆ ಒಯ್ಯಬೇಡಿ, ನಾಳೆ ಅಂಗಡಿಯಲ್ಲಿ ಕಿಟಕಿ ಪಕ್ಕ ಇಡಿಸ್ತೀನಿ, ಒಂಬತ್ತಕ್ಕೆ ಬಂದು ಅದರ ಮೇಲೆ ಕೂತ್ಕೋ, ಮೊದಲ ಕೆಲಸ ನನ್ನ ಪ್ಯಾಂಟು, ಮೂವತ್ತೇಳಕ್ಕೇ ಹೊಲಿ, ಮನೆಯವರಿಗೆ ಮಾತ್ರ ಹೇಳಬೇಡ, ಅವರಿಗೆ ಬೇಜಾರಾಗುತ್ತೆ ಎಂದು ಹೇಳಿ ಹೋದರು. ಆದ್ದರಿಂದ ನನ್ನ ಕೆಲಸವನ್ನು ಹೊಲಿಗೆ ಎಂದು ತಿದ್ದಬೇಕಾಗಿದೆ. ತಿದ್ದಿದ ಕಡೆ ಸಹಿ ಹಾಕಬೇಕು ಎಂದು ರೈಟರ್ ಸಾಹೇಬರು ಹೇಳಿದ್ದಾರೆ, ಹಾಕಿದ್ದೇನೆ.

ಅಣ್ಣ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾನೆ. ಕಿತ್ತ ಗುಂಡಿಯನ್ನು ನನಗೆ ಕೊಟ್ಟಿದ್ದಾನೆ.

ಈ ನಾಲ್ಕು ಹಾಳೆಗಳಲ್ಲಿ ಇರುವುದೆಲ್ಲ ಕಂಡದ್ದು, ಕೇಳಿದ್ದು, ನಡೆದದ್ದು. ಎಲ್ಲಿಯೂ ತೇಪೆ ಇಲ್ಲ. ನಾನೇ ಬರೆದು, ನಾನೇ ಓದಿ ನೋಡಿ, ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಒಳಕೋಣೆ, ಕಿಟಕಿ ಪಕ್ಕದ ಮೇಜು
ದಿನ: ಮೂರನೇ ತಾರೀಕು, ಮಂಗಳವಾರ
ಹೊತ್ತು: ಸಂಜೆ ಐದು ಮೂವತ್ತೈದು, ಠಾಣೆಯ ಗಡಿಯಾರದ ಪ್ರಕಾರ

ಸಹಿ
(ಗುಂಡುಸೂಜಿ)